ಮಕ್ಕಳ ಸಂತೆ, ಮಕ್ಕಳದೇ ಲೆಕ್ಕ: ಮಾಡಬೇಕಾದ್ದು, ಮಾಡಬಾರದ್ದು

ಕೊಲ್ಹಾಪುರ ಜಿಲ್ಲೆಯ ನದಿ ದಂಡೆಯ ದಾನೋಳಿ, ಕೋಥಳಿ, ಕವಠೇಸಾರ, ಉಮಳವಾಡ, ಇತ್ತ ಜಯಸಿಂಗಪುರ, ಇಚಲಕರಂಜಿ. ಈ ಸುತ್ತಿನಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಹಣದ ಲೆಕ್ಕ ಕಲಿಸುವ ಎಲ್ಲರಿಗೂ ಈ ಸೂಚನೆ. ಶಿಕ್ಷಕರಿಗೆ, ತಾಯಿ ತಂದೆಗೆ, ಸಂಜೆ ಮೊಮ್ಮಕ್ಕಳನ್ನು ಕೂರಿಸಿಕೊಂಡು ಮಗ್ಗಿ ಹೇಳಿಸುವ ಅಜ್ಜಿಗೆ, ಪುಟ್ಟ ಕೈಗೆ ಚಿಲ್ಲರೆ ಕೊಡುವ ಕಿರಾಣಿ ಅಂಗಡಿಯವರಿಗೆ ಸಹ. ಮರಾಠಿ ಶಾಲೆಗಳಲ್ಲಿ ವರ್ಷಕ್ಕೊಮ್ಮೆ, ಮಕ್ಕಳೇ ಅಂಗಡಿ ಹಾಕಿ ಮಾರುವ ‘ಆನಂದ ಬಾಜಾರ’ ನಡೆಯುತ್ತದೆ. ಗಡಿಯಾಚೆ ಕರ್ನಾಟಕದ ಶಾಲೆಗಳಲ್ಲಿ ಅದನ್ನೇ ‘ಮಕ್ಕಳ ಸಂತೆ’ ಅಥವಾ ‘ಮೆಟ್ರಿಕ್ ಮೇಳ’ ಅನ್ನುತ್ತಾರೆ. ಹೆಸರು ಯಾವುದೇ ಇರಲಿ, ಮೊದಲ ನಿಯಮ ಒಂದೇ. ಲೆಕ್ಕವನ್ನು ಮಗುವೇ ಮಾಡಬೇಕು. ತಪ್ಪಿದರೂ ಮಗುವೇ ತಪ್ಪಬೇಕು, ತಿದ್ದಿದರೂ ಮಗುವೇ ತಿದ್ದಬೇಕು.

ಮಗುವಿನ ಹಿಂದೆ ನಿಲ್ಲಬೇಡಿ

ಒಂದು ಶಾಲೆಯ ಅಂಗಳದಲ್ಲಿ ಇಂಥ ಸಂತೆಯನ್ನು ನಾನು ಅರ್ಧ ದಿನ ನಿಂತು ನೋಡಿದ್ದೇನೆ. ಸೊಪ್ಪು, ಬದನೆ, ಶೇಂಗಾ ಉಂಡೆ, ಭೇಳ್, ನಿಂಬೆ ಶರಬತ್ತು, ಎಲ್ಲವೂ ಇದ್ದವು. ಮೂರನೆಯ ತರಗತಿಯ ಹುಡುಗಿಯೊಬ್ಬಳು ಕೊತ್ತಂಬರಿ ಪೆಂಡಿ ಜೋಡಿಸಿಕೊಂಡು ಕೂತಿದ್ದಳು. ಗಿರಾಕಿ ಬಂದ, ಹದಿನೈದು ರೂಪಾಯಿಯ ಮಾಲು ಕೊಂಡ, ಐವತ್ತರ ನೋಟು ಚಾಚಿದ. ಹುಡುಗಿ ಇನ್ನೂ ನೋಟು ಹಿಡಿದು ತುಟಿ ಅಲ್ಲಾಡಿಸುತ್ತಿದ್ದಳು. ಹಿಂದಿನಿಂದ ಅವಳ ತಾಯಿಯ ಕೈ ಬಂತು, ನೋಟು ಹೋಯಿತು, ಮೂವತ್ತೈದು ರೂಪಾಯಿ ಹೊರಬಂತು. ಮುಂದಿನ ಗಿರಾಕಿಗೆ ಹುಡುಗಿ ಯೋಚಿಸುವುದನ್ನೇ ಬಿಟ್ಟಳು. ನೋಟನ್ನು ನೇರವಾಗಿ ಹಿಂದಕ್ಕೆ ದಾಟಿಸತೊಡಗಿದಳು. ಆ ತಾಯಿಯ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಆದರೆ ಆ ದಿನ ಲೆಕ್ಕ ಕಲಿತವರು ಯಾರೂ ಇಲ್ಲ.

ಆದ್ದರಿಂದ ಸಂತೆಯ ದಿನ ಪಾಲಕರು ಗಿರಾಕಿಗಳಾಗಿ ಬನ್ನಿ. ಅಂಗಡಿಯ ಒಳಬದಿಗೆ ಕಾಲಿಡಬೇಡಿ. ಸ್ವಂತ ಮಗುವಿನ ಅಂಗಡಿಯಲ್ಲಿ ಕೊಳ್ಳಬೇಡಿ, ಬೇರೆಯವರ ಮಗುವಿನ ಬಳಿ ಕೊಳ್ಳಿ. ಚಿಲ್ಲರೆಗೆ ಕಾಯಿರಿ. ಮಗುವಿಗೆ ಒಂದು ನಿಮಿಷ ಬೇಕಾದರೆ ಒಂದು ನಿಮಿಷ ನಿಲ್ಲಿ. ‘ಬೇಗ, ಬೇಗ’ ಅನ್ನಬೇಡಿ. ‘ಚಿಲ್ಲರೆ ನಿನಗೇ ಇರಲಿ’ ಎಂದು ಬಿಟ್ಟು ಹೋಗುವುದಂತೂ ಕೂಡದು. ಅದು ದಾನವಾಗುತ್ತದೆ, ಮಗುವಿನ ಕೈಯ ಲೆಕ್ಕ ಅರ್ಧದಲ್ಲೇ ತುಂಡಾಗುತ್ತದೆ.

ಶಿಕ್ಷಕರಿಗೆ: ಅಂಗಡಿ ಹಾಕಲು ಶುಲ್ಕ ಇಡಬೇಡಿ. ಕೊಲ್ಹಾಪುರ ಸಂಸ್ಥಾನದಲ್ಲಿ ಶಾಹೂ ಮಹಾರಾಜರು 1917ರಲ್ಲೇ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮಾಡಿದರು, ಕಡ್ಡಾಯವೂ ಮಾಡಿದರು. ಆ ಜಿಲ್ಲೆಯ ಶಾಲೆಯಂಗಳದಲ್ಲಿ ಕಲಿಕೆಯ ಸಂತೆಗೆ ಸುಂಕ ಹಾಕುವುದು ಸಲ್ಲದು. ಬಹುಮಾನವನ್ನು ಅತಿ ಹೆಚ್ಚು ಗಳಿಸಿದ ಮಗುವಿಗೆ ಕೊಡಬೇಡಿ. ಹೆಚ್ಚು ಬಂಡವಾಳ ತಂದವರು ಹೆಚ್ಚು ಗಳಿಸುತ್ತಾರೆ, ಅದರಲ್ಲಿ ಮಗುವಿನ ಸಾಧನೆ ಎಷ್ಟೆಂದು ಅಳೆಯಲು ಬರುವುದಿಲ್ಲ. ಬಹುಮಾನ ಕೊಡಲೇಬೇಕು ಅಂತಿದ್ದರೆ ವಹಿಯಲ್ಲಿ ಬರೆದ ಲೆಕ್ಕವೂ ಡಬ್ಬಿಯ ಹಣವೂ ತಾಳೆಯಾದ ಎಲ್ಲರಿಗೂ ಕೊಡಿ.

ಮಾಲಿನ ಬೆಲೆಯನ್ನು ಮೊದಲೇ ಬರೆಸಿ. ಹೊಲದ ಕೊತ್ತಂಬರಿ ಪುಕ್ಕಟೆ ಅಂತ ಮಗು ಹೇಳುತ್ತದೆ. ಹೌದೆಂದು ತಲೆಯಾಡಿಸಬೇಡಿ. ಅದೇ 24 ಪೆಂಡಿಯನ್ನು ಅಪ್ಪ ಪೇಟೆಗೆ ಒಯ್ದಿದ್ದರೆ ಏನು ಬರುತ್ತಿತ್ತು ಎಂದು ಕೇಳಿಕೊಂಡು ಬರಲು ಹೇಳಿ. 60 ರೂಪಾಯಿ ಅನ್ನಲಿ. ಪೆಂಡಿಗೆ 5ರಂತೆ 20 ಮಾರಿ 100 ಬಂದರೆ ಲಾಭ 40. ಉಳಿದ 4 ಪೆಂಡಿ ಸಂಜೆಗೆ ಬಾಡುತ್ತವೆ, ಆ ನಷ್ಟ ಈಗಾಗಲೇ 60ರಲ್ಲಿ ಸೇರಿದೆ. ‘ನೂರು ಗಳಿಸಿದೆ’ ಎಂದು ಮನೆಗೆ ಓಡುವ ಮಗುವನ್ನು ತಡೆದು ‘ನಲವತ್ತು’ ಎಂದು ಹೇಳಿಸಿ ಕಳಿಸಿ. ರೈತನ ಮನೆಯಲ್ಲಿ ಹುಟ್ಟಿದ ಮಗು ತನ್ನ ಮನೆಯ ಬೆಳೆಗೆ ಬೆಲೆ ಇಲ್ಲ ಅಂದುಕೊಂಡು ಬೆಳೆಯಬಾರದು.

ಚಿಲ್ಲರೆಯನ್ನು ಮೇಲಕ್ಕೆ ಎಣಿಸಲು ಕಲಿಸಿ, ಅದನ್ನೇ ಬರೆಸಿ

37 ರೂಪಾಯಿಯ ಮಾಲು, 50ರ ನೋಟು. ಶಾಲೆಯ ದಾರಿ: ಸೊನ್ನೆಯಿಂದ ಏಳು ಹೋಗದು, ಪಕ್ಕದಿಂದ ಒಂದು ದಶಕ ತಗೊಂಡು ಕಳೆ. ಅಂಗಡಿಯ ದಾರಿ: ಮೂವತ್ತೇಳು, ಮೂರು ಕೊಟ್ಟರೆ ನಲವತ್ತು, ಇನ್ನು ಹತ್ತು ಕೊಟ್ಟರೆ ಐವತ್ತು. ಹದಿಮೂರು. ಎರಡೂ ಸರಿ. ಮೊದಲು ಅಂಗಡಿಯ ದಾರಿಯನ್ನು ಕೈಯಲ್ಲಿ ನಾಣ್ಯ ಹಿಡಿಸಿ ಕಲಿಸಿ, ಏಕೆಂದರೆ ಅದರಲ್ಲಿ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ. ಅದೇ ದಿನ, ಅದೇ ಲೆಕ್ಕವನ್ನು ಪಾಟಿಯ ಮೇಲೆ ಕೆಳಗೆ ಮೇಲೆ ಇಟ್ಟು ಕಳೆಯಿಸಿ. ಎರಡೂ ಕಡೆ 13 ಬಂದಾಗ ಮಗುವಿನ ಮುಖ ನೋಡಿ.

‘ಅದೇ ದಿನ’ ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಬ್ರೆಜಿಲ್ ದೇಶದ ರೆಸಿಫೆ ಪಟ್ಟಣದಲ್ಲಿ ಬೀದಿಯಲ್ಲಿ ಎಳನೀರು, ಹಣ್ಣು ಮಾರುವ ಮಕ್ಕಳ ಮೇಲೆ ನಡೆದ ಅಧ್ಯಯನ 1985ರಲ್ಲಿ ಪ್ರಕಟವಾಯಿತು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಆ ಮಕ್ಕಳ ಉತ್ತರ ನೂರಕ್ಕೆ 98 ಸರಿ. ಅವೇ ಲೆಕ್ಕಗಳನ್ನು ಕಾಗದದ ಮೇಲೆ ಬರಿಯ ಅಂಕಿಯಾಗಿ ಕೊಟ್ಟಾಗ ಸರಿಯಾದದ್ದು ನೂರಕ್ಕೆ 37ರ ಆಸುಪಾಸು. ನಲವತ್ತು ವರ್ಷದ ಬಳಿಕ, 2025ರಲ್ಲಿ, ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ಕಂಡದ್ದನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮಾರುಕಟ್ಟೆಯಲ್ಲಿ ದುಡಿಯುವ 1,436 ಮಕ್ಕಳು ಬಾಯಲ್ಲೇ ಕಠಿಣ ಲೆಕ್ಕ ಬಿಡಿಸುತ್ತಾರೆ, ಶಾಲೆಯ ರೂಪದಲ್ಲಿ ಅದನ್ನೇ ಕೊಟ್ಟರೆ ಎಡವುತ್ತಾರೆ. ಶಾಲೆಗೆ ಮಾತ್ರ ಹೋಗಿ ಮಾರಾಟ ಕಾಣದ ಮಕ್ಕಳದು ಇದರ ತಿರುಗುಮುರುಗು: ಪುಸ್ತಕದ ಲೆಕ್ಕ ಬರುತ್ತದೆ, ಅಂಗಡಿಯದು ಬಾರದು. ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ತಾನಾಗಿ ನಡೆದುಹೋಗುವುದಿಲ್ಲ. ನಡುವೆ ಸೇತುವೆ ಕಟ್ಟುವ ಕೆಲಸ ನಮ್ಮದು. ‘ಸಂತೆ ಮುಗಿಯಿತು, ಇನ್ನು ಪಾಠ ಶುರು’ ಎನ್ನಬೇಡಿ. ಸಂತೆಯ ಲೆಕ್ಕವೇ ಮರುದಿನದ ಪಾಠವಾಗಲಿ.

ಸಂತೆಯಲ್ಲಿ ಅಪ್ಪನ ಜೊತೆ ಕೂತು ತೂಗಿ ಕೊಡುವ ಹುಡುಗ ತರಗತಿಯಲ್ಲಿ ‘ಗಣಿತದಲ್ಲಿ ಕಚ್ಚಾ’ ಎನ್ನಿಸಿಕೊಂಡು ಹಿಂದಿನ ಸಾಲಿನಲ್ಲಿ ಕೂತಿರುತ್ತಾನೆ. ಅವನನ್ನು ದಡ್ಡ ಅನ್ನಬೇಡಿ. ಅವನನ್ನು ಮುಂದೆ ಕರೆದು, ಮನಸ್ಸಿನಲ್ಲಿ ಹೇಗೆ ಎಣಿಸಿದ ಎಂದು ಇಡೀ ತರಗತಿಗೆ ಹೇಳಿಸಿ.

ಮಗು ಎಣಿಸುವ ಭಾಷೆಯಲ್ಲೇ ಎಣಿಸಲು ಬಿಡಿ

ನಮ್ಮ ಸೀಮೆಯ ನಿಜವಾದ ತೊಡಕು ಇಲ್ಲಿದೆ, ಇದನ್ನು ಕಂಡರೂ ಕಾಣದಂತೆ ದಾಟುವವರೇ ಹೆಚ್ಚು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಕಿರಾಣಿ ಅಂಗಡಿಯಲ್ಲಿ ಎರಡೂ ಬೆರೆಕೆ. ಕನ್ನಡದಲ್ಲಿ ದೊಡ್ಡದು ಮೊದಲು ಬರುತ್ತದೆ: ಇಪ್ಪತ್ತು, ಐದು, ಇಪ್ಪತ್ತೈದು. ಬರೆಯುವ ಕ್ರಮವೂ ಹಾಗೆಯೇ, ಮೊದಲು 2, ಆಮೇಲೆ 5. ಮರಾಠಿಯ ‘ಪಂಚವೀಸ್’ನಲ್ಲಿ ಐದು ಮೊದಲು ಕಿವಿಗೆ ಬೀಳುತ್ತದೆ. ಕೇಳಿದ ಕ್ರಮದಲ್ಲೇ ಬರೆದ ಮಗು 52 ಬರೆಯುತ್ತದೆ. ‘ಏಕೋಣಸಾಠ್’ ಇನ್ನೂ ಕಷ್ಟ. ಅರವತ್ತಕ್ಕೆ ಒಂದು ಕಡಿಮೆ ಎಂಬ ಅರ್ಥ. ಕಿವಿಗೆ ‘ಸಾಠ್’ ಕೇಳಿದೆ, ಕೈ ಆರನ್ನು ಬರೆಯುತ್ತದೆ. 59 ರೂಪಾಯಿಯ ಎಣ್ಣೆ ಪಾಕೀಟಿಗೆ 69 ಬರೆದ ಮಗುವಿಗೆ ಕಳೆಯುವುದು ಬರುವುದಿಲ್ಲ ಎಂದು ತೀರ್ಮಾನಿಸಬೇಡಿ. ಅದಕ್ಕೆ ಕಳೆಯುವುದು ಬರುತ್ತದೆ. ದಾರಿ ತಪ್ಪಿದ್ದು ಕಿವಿಯಿಂದ ಕೈಗೆ ಬರುವಾಗ.

ಇದು ಕನ್ನಡ ಮಕ್ಕಳ ಕಷ್ಟ ಮಾತ್ರವೂ ಅಲ್ಲ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಎರಡನೆಯ ತರಗತಿಯ ಗಣಿತ ಪುಸ್ತಕ ‘ಏಕವೀಸ್’ ಎನ್ನುವುದನ್ನು ‘ವೀಸ್ ಏಕ್’ ಎಂದೂ ಓದಬಹುದೆಂದು ಹೇಳಿದಾಗ ರಾಜ್ಯದಲ್ಲೆಲ್ಲ ಗದ್ದಲವಾಯಿತು, ಮಾತು ವಿಧಾನಸಭೆಯವರೆಗೂ ಹೋಯಿತು. ಗಣಿತ ಸಮಿತಿಯ ಮುಖ್ಯಸ್ಥೆಯಾಗಿದ್ದ ಗಣಿತಜ್ಞೆ ಮಂಗಲಾ ನಾರಳೀಕರ್ ಬದಲಾವಣೆಯ ಪರ ಗಟ್ಟಿಯಾಗಿ ನಿಂತರು. ಮರಾಠಿ ಮನೆಯ ಮಕ್ಕಳಿಗೇ ಈ ತಿರುವು ಕಷ್ಟವೆಂದು ಅವರಿಗೆ ಗೊತ್ತಿತ್ತು. ಅವರು ತರಲು ಬಯಸಿದ ಕ್ರಮ ನಮ್ಮ ಮಕ್ಕಳ ಮನೆಮಾತಿನಲ್ಲಿ ಆಗಲೇ ಇದೆ. ಅದನ್ನು ಬಳಸಿಕೊಳ್ಳಿ.

ಹೇಗೆ? ಮಗುವಿಗೆ ಮೊದಲು ಕನ್ನಡದಲ್ಲಿ ಎಣಿಸಲು ಬಿಡಿ, ಉತ್ತರವನ್ನು ಮರಾಠಿಯಲ್ಲಿ ಹೇಳಿಸಿ, ಅಂಕಿಯಲ್ಲಿ ಬರೆಸಿ. ದಿನಕ್ಕೆ ಐದು ಬೆಲೆ ಸಾಕು. ‘ಶಾಲೆಯಲ್ಲಿ ಕನ್ನಡ ಬೇಡ’ ಎಂದು ಬಾಯಿ ಮುಚ್ಚಿಸಬೇಡಿ. ‘ಮರಾಠಿ ಲೆಕ್ಕ ನಮಗೇಕೆ’ ಎಂದು ಮನೆಯಲ್ಲಿ ಗೊಣಗಲೂಬೇಡಿ. ಈ ಊರಿನಲ್ಲಿ ಬದುಕುವ ಮಗುವಿಗೆ ಎರಡೂ ಬೇಕು. ಅಂಗಡಿಯ ಹಲಗೆಯ ಮೇಲೆ ದೇವನಾಗರಿ ಅಂಕಿ ಇದ್ದರೆ ನಿಲ್ಲಿಸಿ ಓದಿಸಿ. ದೇವನಾಗರಿಯ ಒಂದು, ನಾವು ಬರೆಯುವ 9ರ ಹಾಗೆ ಕಾಣುತ್ತದೆ. 10 ರೂಪಾಯಿಯ ಬಿಸ್ಕತ್ತನ್ನು 90 ಎಂದು ಓದಿ ಹೆದರಿ ಬಂದ ಮಗುವಿನ ತಪ್ಪು ಅದು.

ಹತ್ತರ ನೋಟೊಂದನ್ನು ಕೈಗೆ ಕೊಟ್ಟು ಹಿಂಬದಿಯ ಭಾಷಾ ಪಟ್ಟಿ ಹುಡುಕಿಸಿ. ಹದಿನೈದು ಭಾಷೆಗಳ ಸಾಲಿನಲ್ಲಿ ನಾಲ್ಕನೆಯದು ಕನ್ನಡ, ಎಂಟನೆಯದು ಮರಾಠಿ. ತನ್ನ ಎರಡೂ ಮಾತು ಒಂದೇ ನೋಟಿನ ಮೇಲೆ ಇದೆ ಎಂದು ಮಗು ತಾನೇ ಬೆರಳಿಟ್ಟು ಕಾಣಬೇಕು. ಕನ್ನಡದಲ್ಲಿ ಗಣಿತವೆಲ್ಲಿದೆ ಎಂದು ಯಾರಾದರೂ ಕೇಳಿದರೆ ರಾಜಾದಿತ್ಯನ ಹೆಸರು ಹೇಳಿ. ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿ ‘ವ್ಯವಹಾರಗಣಿತ’ ಬರೆದ ಜೈನ ಕವಿ. ಅವನ ಊರು ಪೂವಿನಬಾಗೆಯನ್ನು ಇಂದಿನ ರಾಯಬಾಗವೆಂದು ಗುರುತಿಸುತ್ತಾರೆ. ಅದು ನಮ್ಮ ನೆರೆಯ ಬೆಳಗಾವಿ ಜಿಲ್ಲೆಯದೇ ಊರು. ಕೊಡುಕೊಳ್ಳುವ ಲೆಕ್ಕವನ್ನು ಮನೆಮಾತಿನಲ್ಲಿ ಕಲಿಸುವುದು ಈ ಮಣ್ಣಿಗೆ ಒಂಬೈನೂರು ವರ್ಷದ ರೂಢಿ.

ಪಾವ್, ಸವ್ವಾ, ದೀಡ್: ಬಿಡಬೇಡಿ

ಪುಸ್ತಕದಲ್ಲಿ 250 ಗ್ರಾಂ ಇದೆ, ಸಂತೆಯಲ್ಲಿ ‘ಪಾವ್ ಕಿಲೋ’ ಇದೆ. ಪುಸ್ತಕದಲ್ಲಿ 125 ಇದೆ, ಮಂದಿಯ ಬಾಯಲ್ಲಿ ‘ಸವ್ವಾಶೇ’. ದೀಡಶೇ ಅಂದರೆ 150, ಪಾವಣೆದೋನಶೇ ಅಂದರೆ 175, ಅಡೀಚಶೇ ಅಂದರೆ 250. ಇವನ್ನು ಹಳ್ಳಿಯ ಮಾತೆಂದು ಕೀಳು ಮಾಡಬೇಡಿ. ಇವು ಭಿನ್ನರಾಶಿಯ ಪಾಠವೇ. ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆ. ಇವನ್ನು ಬಾಯಲ್ಲಿ ಆಡಿ ಬೆಳೆದ ಮಗುವಿಗೆ ಐದನೆಯ ತರಗತಿಯ ಭಿನ್ನರಾಶಿ ಅರ್ಧ ಬಂದುಬಿಟ್ಟಿರುತ್ತದೆ. ಅಜ್ಜ ಇನ್ನೂ ‘ನಾಲ್ಕಾಣೆ, ಎಂಟಾಣೆ’ ಅನ್ನುತ್ತಿದ್ದರೆ ಅವರನ್ನೇ ಒಂದು ದಿನ ತರಗತಿಗೆ ಕರೆಯಿರಿ. 1957ರ ಏಪ್ರಿಲ್ 1ರವರೆಗೆ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಪೈಸೆಗೆ 3 ಪೈ. ಅಲ್ಲಿಂದ ಮುಂದೆ ರೂಪಾಯಿಗೆ 100 ಹೊಸ ಪೈಸೆ. ನಾಲ್ಕಾಣೆಗೆ 25 ಪೈಸೆ ಏಕೆ ಎಂದು ಮಕ್ಕಳು ಲೆಕ್ಕ ಹಾಕಿ ಹೇಳಲಿ.

‘ಹತ್ತಕ್ಕೆ ಪಾವ್ ಕಿಲೋ’ ಎಂದು ಕೂಗುವವನ ಬಳಿ ಕಿಲೋಗೆ ಎಷ್ಟು? ನಲವತ್ತು. ಪಕ್ಕದವನು ಕಿಲೋ ಮೂವತ್ತೈದು ಅನ್ನುತ್ತಿದ್ದಾನೆ. ಯಾರಲ್ಲಿ ಕೊಳ್ಳುವುದು? ಮನೆಗೆ ಪಾವ್ ಕಿಲೋ ಸಾಕಾಗಿದ್ದರೆ? ಬಾಡುವ ಮಾಲಾದರೆ? ಒಂದೇ ಉತ್ತರವಿಲ್ಲದ ಇಂಥ ಪ್ರಶ್ನೆಗಳನ್ನು ಕೇಳಿ, ಮಕ್ಕಳು ಜಗಳವಾಡಲು ಬಿಡಿ. ಎಲೆಕ್ಟ್ರಾನಿಕ್ ತಕ್ಕಡಿ 0.250 ತೋರಿಸಿದಾಗ ‘ಇದೇ ಪಾವ್’ ಎಂದು ತೋರಿಸಿ.

ಪೈಸೆ ಸತ್ತಿತೆಂದು ಹೇಳಬೇಡಿ. 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ನಿಂತಿತು, 50 ಪೈಸೆಯದು ಕಾನೂನಿನಂತೆ ಇಂದಿಗೂ ನಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ನಾಣ್ಯ ಹೋದರೂ ಪೈಸೆಯ ಲೆಕ್ಕ ಹೋಗಿಲ್ಲ. 1904ರಲ್ಲಿ ವಿಠ್ಠಲರಾವ್ ದಾತಾರ್ ಮೊದಲ ವಿದ್ಯುತ್ ಮಗ್ಗ ತಂದ ಇಚಲಕರಂಜಿಯಲ್ಲಿ ನೇಕಾರನ ಕೂಲಿ ಮೀಟರಿಗೆ ಇಷ್ಟು ಪೈಸೆ ಎಂದೇ ನಿಗದಿಯಾಗುತ್ತದೆ. ಮೀಟರಿಗೆ 1 ರೂಪಾಯಿ 25 ಪೈಸೆ ಎಂದಿಟ್ಟುಕೊಂಡು 60 ಮೀಟರಿಗೆ ಎಷ್ಟೆಂದು ಕೇಳಿ: 75. ಅದೇ 1 ರೂಪಾಯಿ 20 ಪೈಸೆಯಾದರೆ? 72. ಐದು ಪೈಸೆಯಲ್ಲಿ ಮೂರು ರೂಪಾಯಿ ಹೋಯಿತು. ಮಗ್ಗದ ಸದ್ದಿನಲ್ಲಿ ಮಲಗೇಳುವ ಮಗುವಿಗೆ ದಶಮಾಂಶ ಬಿಂದುವಿನ ಬೆಲೆ ಹೀಗೆ ತಿಳಿಯಲಿ. 5.5 ಮತ್ತು 5.05 ಬೇರೆ ಬೇರೆ ಎಂಬುದನ್ನು ರೂಪಾಯಿ ಪೈಸೆ ಹೇಳಿಸಿಯೇ ಕಲಿಸಿ: ಐದು ರೂಪಾಯಿ ಐವತ್ತು ಪೈಸೆ, ಐದು ರೂಪಾಯಿ ಐದು ಪೈಸೆ.

ನೋಟು, ನಾಣ್ಯ

ನಿಜವಾದ ನಾಣ್ಯವನ್ನೇ ಕೊಡಿ. ಒಂದು, ಎರಡು, ಐದು, ಹತ್ತು, ಇಪ್ಪತ್ತರ ನಾಣ್ಯ ಸೇರಿಸಿದರೆ 38 ರೂಪಾಯಿ, ಒಂದು ಗುಂಪಿನ ಮಕ್ಕಳಿಗೆ ಅಷ್ಟು ಸಾಕು. ದೊಡ್ಡ ನೋಟಿಗೆ ಬದಲು ಚೌಕ ಕಾಗದದ ಮೇಲೆ ಮಕ್ಕಳೇ ‘100’, ‘500’ ಬರೆದುಕೊಳ್ಳಲಿ. ನೋಟಿನ ಬಣ್ಣದ ಝೆರಾಕ್ಸ್ ತೆಗೆಯಲೇಬೇಡಿ. ನೋಟಿನಂತೆಯೇ ಕಾಣುವ ಕಾಗದ ತಯಾರಿಸುವುದು ಕಾನೂನಿನ ಪ್ರಕಾರ ತಪ್ಪು, ‘ಪಾಠಕ್ಕಾಗಿ ಮಾಡಿದೆ’ ಎಂಬ ಸಮಜಾಯಿಷಿ ಯಾರನ್ನೂ ಕಾಪಾಡದು. ನೋಟಿನ ಮೇಲೆ ಬರೆಯಬೇಡಿ, ಪಿನ್ನು ಹೊಡೆಯಬೇಡಿ, ಹಾರ ಮಾಡಿ ಯಾರ ಕೊರಳಿಗೂ ಹಾಕಬೇಡಿ.

ಹತ್ತರ ನಾಣ್ಯ ನಡೆಯುವುದಿಲ್ಲ ಎಂಬ ಗಾಳಿಮಾತನ್ನು ಮಗುವಿನ ಮುಂದೆ ಆಡಬೇಡಿ. ಹದಿನಾಲ್ಕು ವಿನ್ಯಾಸಗಳಲ್ಲಿ ಅದು ಬಂದಿದೆ, ಎಲ್ಲವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ.

ಕಣ್ಣು ಕಾಣದ ಮಗು ತರಗತಿಯಲ್ಲಿದ್ದರೆ ಅದನ್ನು ಚಪ್ಪಾಳೆ ತಟ್ಟಲು ಪಕ್ಕದಲ್ಲಿ ಕೂರಿಸಬೇಡಿ. ಈಗಿನ 100ರ ನೋಟಿನ ಎರಡೂ ಅಂಚಿನಲ್ಲಿ ಕೈಗೆ ಸಿಗುವ ನಾಲ್ಕು ಓರೆ ಗೆರೆಗಳಿವೆ, 200ರದರಲ್ಲಿ ನಾಲ್ಕು ಗೆರೆಯ ನಡುವೆ ಎರಡು ವೃತ್ತ, 500ರದರಲ್ಲಿ ಐದು ಗೆರೆ. ಸವೆಯದ ನೋಟು ಕೊಟ್ಟು ಬೆರಳಿಗೆ ಅಭ್ಯಾಸ ಮಾಡಿಸಿ. ಫೋನು ಹಿಡಿದರೆ ನೋಟಿನ ಬೆಲೆ ಹೇಳುವ ‘ಮಣಿ’ ಎಂಬ ಆ್ಯಪ್ ಅನ್ನು ರಿಸರ್ವ್ ಬ್ಯಾಂಕೇ 2020ರಲ್ಲಿ ತಂದಿದೆ, ಅದನ್ನೂ ತೋರಿಸಿ. ಆ ಮಗುವೂ ಅಂಗಡಿ ಹಾಕಬೇಕು.

ಮನೆಯ ಮಾನ ಕಾಯಿರಿ

ಬಜೆಟ್ ಪಾಠ ಬಂದಾಗ ಶಿಕ್ಷಕರು ಬಹಳ ಎಚ್ಚರ ಇರಬೇಕು. ‘ನಿನ್ನ ಅಪ್ಪನ ತಿಂಗಳ ಆದಾಯ ಎಷ್ಟು?’ ಎಂದು ತರಗತಿಯಲ್ಲಿ ಕೇಳಬೇಡಿ. ಈ ಪ್ರಶ್ನೆಯಲ್ಲಿ ಎರಡು ತಪ್ಪುಗಳಿವೆ. ಮೊದಲನೆಯದು, ನಮ್ಮಲ್ಲಿ ಹೆಚ್ಚಿನ ಮನೆಗಳಿಗೆ ತಿಂಗಳ ಆದಾಯ ಎಂಬುದೇ ಇಲ್ಲ. ಆಡಸಾಲಿ ಕಬ್ಬು ನೆಟ್ಟರೆ ಕಟಾವಿಗೆ ಹದಿನಾರು, ಹದಿನೆಂಟು ತಿಂಗಳು. ಕಾರ್ಖಾನೆ ಹದಿನಾಲ್ಕು ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ, ಕಬ್ಬಿನ ದರಕ್ಕಾಗಿ, ಆ ಗಡುವಿಗಾಗಿ ಜಯಸಿಂಗಪುರದಲ್ಲಿ ವರ್ಷ ವರ್ಷ ‘ಊಸ್ (ಕಬ್ಬು) ಪರಿಷತ್ತು’ ಸೇರುತ್ತದೆ. ಮಗ್ಗದವರಿಗೆ ವಾರದ ಪಗಾರ, ಕೂಲಿಯವರಿಗೆ ದಿನದ್ದು, ಎಮ್ಮೆ ಕಟ್ಟಿದವರಿಗೆ ಹತ್ತು ದಿನಕ್ಕೊಮ್ಮೆ ಹಾಲಿನ ಬಿಲ್ಲು. ತಿಂಗಳಿಗೆ ಮೂವತ್ತು ಸಾವಿರ ಸಂಬಳ ಎಂದು ಶುರುವಾಗುವ ಪಟ್ಟಣದ ಲೆಕ್ಕ ಇಲ್ಲಿಯ ಮಗುವಿಗೆ ಕಥೆಯಷ್ಟೇ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಆ ಪ್ರಶ್ನೆಗೆ ಮಗು ಎದ್ದು ನಿಂತು ಉತ್ತರ ಹೇಳಿದ ಕ್ಷಣದಿಂದ ಒಂದು ಮನೆಯ ಬಡತನ ಮೂವತ್ತು ಮಕ್ಕಳ ಬಾಯಿಗೆ ಬೀಳುತ್ತದೆ. ಯಾರ ಮನೆಯ ಸಾಲ, ಯಾರ ಮನೆಯ ಉದ್ರಿ, ಯಾರ ಅಪ್ಪ ಯಾವುದಕ್ಕೆ ಎಷ್ಟು ದುಡ್ಡು ಸುರಿದ ಎಂಬುದು ಪಾಠದ ವಸ್ತುವಾಗಕೂಡದು. 2005, 2019, 2021ರ ಮಹಾಪೂರಗಳಲ್ಲಿ ಏನು ಹೋಯಿತು ಎಂದೂ ಕೇಳಬೇಡಿ. ನಮ್ಮ ಶಿರೋಳ ತಾಲೂಕಿನಲ್ಲಿ ಆ ಪ್ರಶ್ನೆಗೆ ಕಣ್ಣೀರು ಬಾರದ ಮನೆ ಸಿಗುವುದು ಕಷ್ಟ. ಮಳೆಗಾಲಕ್ಕೆ ಮುಂಚೆ ಒಂದಿಷ್ಟು ಹಣ ಬೇರೆ ತೆಗೆದಿಡಬೇಕು ಎಂದು ಕಲಿಸಿ, ಅದಕ್ಕೆ ಕಾರಣವನ್ನು ಮಕ್ಕಳು ನಿಮಗಿಂತ ಚೆನ್ನಾಗಿ ಬಲ್ಲರು.

ಬದಲಿಗೆ ಹೀಗೆ ಮಾಡಿ. ಹೆಸರಿಲ್ಲದ ಒಂದು ಮನೆ ಕಟ್ಟಿಕೊಳ್ಳಿ. ಆ ಮನೆಯಲ್ಲಿ ಒಂದು ಎಮ್ಮೆ, ಒಂದು ಆಕಳು. ಬೆಳಿಗ್ಗೆ 4.2 ಲೀಟರು, ಸಂಜೆ 3.8. ಪಾಠಕ್ಕಾಗಿ ಲೀಟರಿಗೆ 40 ರೂಪಾಯಿ ಹಿಡಿಯಿರಿ. ದಿನಕ್ಕೆ 320, ಹತ್ತು ದಿನಕ್ಕೆ 3,200. ಡೇರಿಯಲ್ಲಿ ಉದ್ರಿ ತಂದ ಪಶುಆಹಾರದ ಚೀಲಕ್ಕೆ 1,500 ಕಡಿತ. ಕೈಗೆ ಬಂದದ್ದು 1,700. ಇದರಲ್ಲಿ ಹತ್ತು ದಿನ ನಡೆಯಬೇಕು. ಎಣ್ಣೆ, ಚಹಾಪುಡಿ, ವಹಿ, ಅಜ್ಜನ ಗುಳಿಗೆ, ಜಾತ್ರೆಗೆ ಒಂದಿಷ್ಟು. ಗುಂಪಾಗಿ ಕೂತು ಪಟ್ಟಿ ಮಾಡಲಿ. ‘ಬೇಕು’ ಒಂದು ಕಡೆ, ‘ಬೇಕೇಬೇಕು’ ಇನ್ನೊಂದು ಕಡೆ. ಅಜ್ಜನ ಗುಳಿಗೆ ಯಾವ ಕಡೆ ಎಂಬುದಕ್ಕೆ ವಾದವಾಗದು. ಜಾತ್ರೆ ಯಾವ ಕಡೆ ಎಂಬುದಕ್ಕೆ ಆಗುತ್ತದೆ, ಆಗಲಿ. ‘ಜಾತ್ರೆ ದುಂದು’ ಎಂದು ನೀವು ತೀರ್ಪು ಕೊಡಬೇಡಿ. ವರ್ಷಕ್ಕೊಮ್ಮೆ ಮಗಳು ತವರಿಗೆ ಬರುವ ದಿನದ ಖರ್ಚನ್ನು ಹೊರಗಿನವರು ಕತ್ತರಿಸುವಂತಿಲ್ಲ.

ಹಾಲಿನ ಪುಸ್ತಕ ಮನೆಯಲ್ಲಿದ್ದರೆ ಪಾಲಕರು ಮಗುವಿಗೆ ತೋರಿಸಿ. ದಿನಾಂಕ, ಲೀಟರು, ಫ್ಯಾಟು, ದರ, ಮೊತ್ತ. ಐದನೆಯ ತರಗತಿಯ ಮಗು ಅದನ್ನು ಕೂಡಿಸಿ ಬಿಲ್ಲಿಗೆ ತಾಳೆ ನೋಡಬಲ್ಲದು. ಆದರೆ ಆ ಪುಸ್ತಕವನ್ನು ಶಾಲೆಗೆ ತರಿಸಬೇಡಿ.

‘ನಮ್ಮಲ್ಲಿ ದುಡ್ಡಿಲ್ಲ, ಕೇಳಬೇಡ’ ಎಂದು ಮನೆಯಲ್ಲಿ ಮಗುವಿನ ಬಾಯಿ ಮುಚ್ಚಿಸಬೇಡಿ. ‘ಈ ಬಿಲ್ಲಿನಲ್ಲಿ ಆಗದು, ಮುಂದಿನ ಬಿಲ್ಲಿಗೆ ನೋಡೋಣ’ ಅನ್ನಿ, ಅಂದಮೇಲೆ ನೋಡಿ. ಮಾತು ಕೊಟ್ಟು ಮರೆತರೆ ಮಗು ಲೆಕ್ಕ ಮರೆಯುವುದಿಲ್ಲ, ನಂಬಿಕೆ ಮರೆಯುತ್ತದೆ.

ಫೋನಿನ ಹಣ

2016ರಲ್ಲಿ ಯುಪಿಐ ಬಂದ ಮೇಲೆ ಹಣ ಮಕ್ಕಳ ಕಣ್ಣಿನಿಂದ ಮರೆಯಾಗಿದೆ. ಅಂಗಡಿಯ ಡಬ್ಬಿ ‘ಇಷ್ಟು ರೂಪಾಯಿ ಬಂತು’ ಎಂದು ಕೂಗುತ್ತದೆ, ಯಾರೂ ಎಣಿಸುವುದಿಲ್ಲ. ಸ್ಕ್ಯಾನ್ ಮಾಡುವ ಮೊದಲು ಮೊತ್ತವನ್ನು ಮಗು ಕೂಡಿಸಿ ಹೇಳಲಿ, ಆಮೇಲೆ ಖಾತೆಯಲ್ಲಿ ಎಷ್ಟು ಉಳಿಯಿತು ಎಂದೂ ಅದೇ ಹೇಳಲಿ. ಪಿನ್ ಮಾತ್ರ ಹೇಳಿಕೊಡಬೇಡಿ. ಹಣ ಬರುವುದಕ್ಕೆ ಪಿನ್ ಬೇಡ, ಹೋಗುವುದಕ್ಕೆ ಬೇಕು ಎಂಬ ಒಂದು ಸಾಲನ್ನು ಬಾಯಿಪಾಠ ಮಾಡಿಸಿ. ಅದನ್ನು ಅಜ್ಜಿಗೂ ಮಗುವೇ ಕಲಿಸಲಿ. ಮಕ್ಕಳ ಸಂತೆಯಲ್ಲಿ ಫೋನಿನ ಪಾವತಿ ಬೇಡವೇ ಬೇಡ.

ಉಳಿತಾಯ

‘ಪಿಗ್ಮಿ’ ಎಂಬ ಮಾತು ಇಚಲಕರಂಜಿಯ ಪ್ರತಿ ಗಲ್ಲಿಯಲ್ಲಿ ಕೇಳುತ್ತದೆ. ಅದು ಹುಟ್ಟಿದ್ದು 1928ರಲ್ಲಿ, ಉಡುಪಿಯಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ, ಟಿ.ಎಂ.ಎ. ಪೈ ಅವರ ಬ್ಯಾಂಕು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಿಂದ ಹಣ ಕಟ್ಟಿಸಿಕೊಳ್ಳುತ್ತಿತ್ತು. ಈ ಕಥೆ ಮಕ್ಕಳಿಗೆ ಹೇಳಿ, ದಿನಕ್ಕೆ ಎರಡು ರೂಪಾಯಿಯಂತೆ ವರ್ಷಕ್ಕೆ ಎಷ್ಟೆಂದು ಕೇಳಿ. 730. ತರಗತಿಯಲ್ಲಿ ಪಿಗ್ಮಿ ಶುರು ಮಾಡಬೇಡಿ. ಮಕ್ಕಳ ಹಣವನ್ನು ಶಿಕ್ಷಕರ ಕಪಾಟಿನಲ್ಲಿ ಇಡಬಾರದು. ಹತ್ತು ತುಂಬಿದ ಮಗು ತನ್ನದೇ ಹೆಸರಿನಲ್ಲಿ ಅಂಚೆ ಕಚೇರಿಯ ಉಳಿತಾಯ ಖಾತೆ ತೆರೆದು ನಡೆಸಬಹುದು, ಮೊದಲ ಕಂತು 500 ರೂಪಾಯಿ. ನಾಲ್ಕು, ಐದನೆಯ ತರಗತಿಯವರನ್ನು ಅಂಚೆ ಕಚೇರಿಗೆ ಒಂದು ಸಲ ಕರೆದೊಯ್ಯಿರಿ. 500 ಕೂಡಿಸಲಾಗದ ಮಗುವಿನ ಹೆಸರನ್ನು ಹಲಗೆಯ ಮೇಲೆ ಬರೆಯಬೇಡಿ.

ಸಂಜೆ, ಡಬ್ಬಿ ತೆರೆಯುವಾಗ

ಸಂತೆ ಮುಗಿದ ಮೇಲೆ ಮನೆಗೆ ಓಡಿಸಬೇಡಿ. ಪ್ರತಿ ಮಗು ತನ್ನ ಡಬ್ಬಿ ತೆರೆದು ಎಣಿಸಬೇಕು. ಬೆಳಿಗ್ಗೆ ಚಿಲ್ಲರೆಗೆಂದು ಇಟ್ಟದ್ದು 40, ಮಾರಿದ್ದು 20 ಪೆಂಡಿ, ಬಂದದ್ದು 100. ಡಬ್ಬಿಯಲ್ಲಿ 140 ಇರಬೇಕು. 137 ಇದ್ದರೆ ಮತ್ತೊಮ್ಮೆ ಎಣಿಸಲಿ. ಆಗಲೂ 137 ಬಂದರೆ ಯಾರಿಗೆ ಹೆಚ್ಚು ಚಿಲ್ಲರೆ ಕೊಟ್ಟಿರಬಹುದು ಎಂದು ನೆನಪು ಮಾಡಿಕೊಳ್ಳಲಿ. ಕಳ್ಳತನದ ಮಾತು ಎತ್ತಬೇಡಿ, ಪಕ್ಕದ ಅಂಗಡಿಯ ಮಗುವಿನ ಕಡೆ ನೋಡಲೂಬೇಡಿ. ಸಿಗದಿದ್ದರೆ ವಹಿಯಲ್ಲಿ ‘ಇರಬೇಕಾದ್ದು 140, ಇದ್ದದ್ದು 137, ಕಡಿಮೆ 3’ ಎಂದು ಮಗುವಿನ ಕೈಯಲ್ಲೇ ಬರೆಸಿ, ದಿನಾಂಕ ಹಾಕಿಸಿ. ಆ ಮೂರು ರೂಪಾಯಿಯನ್ನು ನಿಮ್ಮ ಜೇಬಿನಿಂದ ಹಾಕಬೇಡಿ.